ಬಿಸಿನೀರತ್ತೆಯ ಕೊನೆಯ ಎಂಜಿನ್

ನಮ್ಮ ಮನೆಯಲ್ಲಿ ಎಲ್ಲರೂ ಅವಳನ್ನು ಬಿಸಿನೀರತ್ತೆ ಎನ್ನುತ್ತೇವೆ. ಅಪ್ಪನ ತಂಗಿ. ದೊಡ್ಡ ಕಾರು ಕಂಪನಿಯೊಂದರ ರೇಸ್ ವಿಭಾಗದಲ್ಲಿ ಕೆಲಸಕ್ಕಿದ್ದಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ "ನೀರು ಕಾಯಿಸ್ತೀನಿ" ಎಂದುಬಿಡುತ್ತಿದ್ದಳು. ಮಾವನಿಗೂ ಮೊದಲ ಭೇಟಿಯಲ್ಲಿ ಹಾಗೇ ಹೇಳಿದ್ದಳಂತೆ. ಅದನ್ನು ನಂಬಿ ಮದುವೆಯಾದ ಆ ಪುಣ್ಯಾತ್ಮ ಅಂದಿನಿಂದಲೂ ತನ್ನ ಸ್ನಾನದ ನೀರನ್ನು ತಾನೇ ಕಾಯಿಸಿಕೊಳ್ಳುತ್ತಿದ್ದಾನೆ. ಅವಳು ಕಾಯಿಸುವುದು ಎಂಜಿನ್ನಿಗೆ ಮಾತ್ರ, ಗಂಡನಿಗಲ್ಲ ಎಂದು ಬಂದವರ ಮುಂದೆಲ್ಲ ದೂರು ಹೇಳುತ್ತಾನೆ.

ನಾನೂ ಅವಳನ್ನು ಕಾಡದೆ ಬಿಟ್ಟವನಲ್ಲ. ರೇಸ್ ಎಂದರೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ಸೇರುವುದು, ಅದಕ್ಕೆ ಅಷ್ಟು ಅವಸರ ಯಾಕೆ ಎಂದು ಕೇಳುತ್ತಿದ್ದೆ. ಅತ್ತೆ ಬೇಸರಪಡದೆ ವಿವರಿಸುತ್ತಿದ್ದಳು. ನಮ್ಮ ನಿಮ್ಮ ಕಾರಿನ ಎಂಜಿನ್ ಬೆಳಿಗ್ಗೆ ಕೀಲಿ ತಿರುಗಿಸಿದರೆ ಗೊಣಗಿಕೊಂಡಾದರೂ ಎದ್ದೇಳುತ್ತದೆ. ರೇಸಿನ ಎಂಜಿನ್ ಹಾಗಲ್ಲ. ಅದರೊಳಗಿನ ಭಾಗಗಳನ್ನು ಎಷ್ಟು ಬಿಗಿಯಾಗಿ ಕೂರಿಸಿರುತ್ತಾರೆಂದರೆ, ತಣ್ಣಗಿದ್ದಾಗ ಲೋಹವೇ ಲೋಹವನ್ನು ಹಿಡಿದುಕೊಂಡಿರುತ್ತದೆ. ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ನೀರನ್ನೂ ಎಣ್ಣೆಯನ್ನೂ ಹೊರಗೆ ಬಿಸಿ ಮಾಡಿ, ಕೊಳವೆಗಳಿಂದ ಅದರ ಮೈಯೊಳಗೆ ಹರಿಸಬೇಕು. ಲೋಹ ನಿಧಾನವಾಗಿ ಹಿಗ್ಗಿ, ಕೂದಲೆಳೆಗಿಂತ ತೆಳ್ಳಗಿನ ಜಾಗ ಬಿಡುತ್ತದೆ. ಆಮೇಲಷ್ಟೇ ಚಾಲೂ ಮಾಡಬಹುದು. ಅಷ್ಟು ವೇಗವಾಗಿ ಓಡುವ ವಸ್ತುವಿನ ಪಕ್ಕದಲ್ಲಿ ನಮ್ಮತ್ತೆಯ ಕೆಲಸ ಅವಸರ ಮಾಡದೆ ಕೂರುವುದಾಗಿತ್ತು.

ಹೊಸ ಎಂಜಿನ್ ಮೊದಲ ಸಲ ಚಾಲೂ ಆಗುವಾಗ ಅಲ್ಲಿ ಒಂದು ಪದ್ಧತಿ ಇತ್ತು. ಅದಕ್ಕೆ ಕೈ ಹಚ್ಚಿದವರೆಲ್ಲ, ನಕ್ಷೆ ಬರೆದವರಿಂದ ಹಿಡಿದು ನೆಲ ಒರೆಸುವವರವರೆಗೆ, ಪರೀಕ್ಷಾ ಕೊಠಡಿಯ ಗಾಜಿನಾಚೆ ಬಂದು ನಿಲ್ಲಬೇಕು. ಯಾರೂ ಪಿಟ್ಟೆನ್ನುವಂತಿಲ್ಲ. ಅತ್ತೆ ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿ, ಹೊರಗೆ ಬಂದು ಕೈ ಎತ್ತಿದ ಮೇಲೆಯೇ ವಿಭಾಗದ ಮುಖ್ಯಸ್ಥರು ಗುಂಡಿ ಒತ್ತುವುದು.

ಹೀಗಿರುವಾಗ ಒಂದು ವರ್ಷ ಮಾರುಕಟ್ಟೆ ನೆಲ ಕಚ್ಚಿತು. ಬ್ಯಾಂಕುಗಳು ಕೈ ಬಿಗಿ ಹಿಡಿದವು. ಕಾರು ಕೊಳ್ಳಬೇಕೆಂದಿದ್ದವರು ಮುಂದಿನ ವರ್ಷ ನೋಡೋಣ ಎಂದು ಸುಮ್ಮನಾದರು. ಕಂಪನಿಯ ಬಯಲಲ್ಲಿ ಮಾರಾಟವಾಗದ ಕಾರುಗಳು ಸಾಲುಗಟ್ಟಿ ಧೂಳು ತಿನ್ನತೊಡಗಿದವು. ಒಂದು ಮಧ್ಯಾಹ್ನ ಕಂಪನಿಯ ಅಧ್ಯಕ್ಷರು ಟೀವಿಯಲ್ಲಿ ಕಾಣಿಸಿಕೊಂಡು, ನಾವು ರೇಸಿನಿಂದ ಹಿಂದೆ ಸರಿಯುತ್ತಿದ್ದೇವೆ, ಈ ಕ್ಷಣದಿಂದಲೇ, ಎಂದು ಓದಿ ಹೇಳಿದರು. ಅತ್ತೆ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದುಕೊಂಡು ನಿಂತೇ ಕೇಳಿದಳಂತೆ. ಇವರು ದಾರಿ ತೋರಿಸಿದ್ದೇ ತಡ, ಬೇರೆ ಕಂಪನಿಗಳೂ ಒಂದರ ಹಿಂದೊಂದು ಗಂಟುಮೂಟೆ ಕಟ್ಟಿದವು.

ನನಗೆ ಮೈಯೆಲ್ಲ ಉರಿದುಹೋಯಿತು. ಗೆದ್ದಾಗ ಪೇಪರಿನ ತುಂಬ ಫೋಟೋ ಹಾಕಿಸಿಕೊಂಡವರು ಕಷ್ಟ ಬಂದ ಕೂಡಲೇ ಕೈಕೊಟ್ಟರಲ್ಲ ಎಂದು ಅತ್ತೆಯ ಮುಂದೆ ಕೂಗಾಡಿದೆ. ಅವಳು ಕೂಗಾಡಲಿಲ್ಲ.

"ಪಕ್ಕದ ಮನೆಯವನು ಅದೇ ಕಂಪನೀಲಿ ಕಾರಿಗೆ ಬಾಗಿಲು ಜೋಡಿಸ್ತಿದ್ದ. ಹೋದ ತಿಂಗಳು ಅವನನ್ನ ತೆಗೆದುಹಾಕಿದ್ರು. ಅವನ ಮುಂದೆ ನಿಂತು ರೇಸ್ ನಡೀಲೇಬೇಕು ಅನ್ನೋಕೆ ನನಗೆ ಬಾಯಿ ಬರಲ್ಲ" ಎಂದಳು.

ಆದರೆ ಒಂದು ವಿಷಯ ಅವಳನ್ನು ಕೊರೆಯುತ್ತಿತ್ತು. ಮುಂದಿನ ವರ್ಷದ ರೇಸಿಗೆಂದು ಮಾಡಿದ ಹೊಸ ಎಂಜಿನ್ ಪರೀಕ್ಷಾ ಕೊಠಡಿಯಲ್ಲಿ ಸಿದ್ಧವಾಗಿ ಕೂತಿತ್ತು. ಒಮ್ಮೆಯೂ ಚಾಲೂ ಆಗಿರಲಿಲ್ಲ. ಅದನ್ನು ಯಾರೂ ಮುಟ್ಟಬಾರದು, ಹಾಗೇ ಒಯ್ದು ಕಂಪನಿಯ ಪ್ರದರ್ಶನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿಡಬೇಕು ಎಂದು ಆದೇಶವಾಗಿತ್ತು.

"ಇಡಲಿ. ಆದ್ರೆ ಅದು ಒಂದು ಸಲವಾದ್ರೂ ಕೂಗ್ಬೇಕು. ಹುಟ್ಟಿದ ಮಗು ಅಳದೇ ಇದ್ರೆ ಯಾರಿಗಾದ್ರೂ ಸಮಾಧಾನ ಇರುತ್ತಾ?" ಎಂದಳು. ಅತ್ತೆ ತನಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೆಯ ದಿನ ಸಾಮಾನು ಒಯ್ಯಲು ಮನೆಯವರನ್ನೂ ಒಳಗೆ ಬಿಟ್ಟರು. ಹೊರೆ ಹೊರಲು ನಾನು ಹೋದೆ. ಮಧ್ಯಾಹ್ನಕ್ಕೆ ಕರೆಂಟು ತೆಗೆದು ಬೀಗ ಹಾಕುತ್ತಾರೆ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು. ಒಳಗೆ ನೆಲ ಎಷ್ಟು ಚೊಕ್ಕವಾಗಿತ್ತೆಂದರೆ ಚಪ್ಪಲಿ ಬಿಚ್ಚಬೇಕೇನೋ ಎನ್ನಿಸಿತು. ತೆರೆದಿಟ್ಟ ಡ್ರಾಯರುಗಳಲ್ಲಿ ಸ್ಪ್ಯಾನರುಗಳಿರಲಿಲ್ಲ, ಅವು ಮಲಗುತ್ತಿದ್ದ ಗುಳಿಗಳು ಮಾತ್ರ ಉಳಿದಿದ್ದವು.

ಅತ್ತೆ ತನ್ನ ಕಪಾಟಿನ ಕಡೆ ಹೋಗಲೇ ಇಲ್ಲ. ನೀಲಿ ಕೋಟು ತೊಟ್ಟು ಸೀದಾ ಪರೀಕ್ಷಾ ಕೊಠಡಿಗೆ ಹೋಗಿ, ಕೊಳವೆಗಳನ್ನು ಎಂಜಿನ್ನಿಗೆ ಸಿಕ್ಕಿಸಿ, ಹೀಟರ್ ಹಾಕಿ, ಸ್ಟೂಲಿನ ಮೇಲೆ ಕೂತಳು. ಯಾರನ್ನೂ ಒಂದು ಮಾತು ಕೇಳಲಿಲ್ಲ. ಯಾರಾದರೂ ಬಂದಾರೆಂದು ನಾನು ಬಾಗಿಲ ಕಡೆಯೇ ನೋಡತೊಡಗಿದೆ.

ಡಬ್ಬ ಹೊತ್ತು ಹೊರಟವರೆಲ್ಲ ಗಾಜಿನೊಳಗೆ ಇಣುಕಿದರು. ಕೊಳವೆಗಳು ಕಂಡವು, ಬಿಸಿ ತೋರಿಸುವ ಮುಳ್ಳು ಮೇಲೇರುವುದು ಕಂಡಿತು. ಡಬ್ಬಗಳನ್ನು ಕೆಳಗಿಟ್ಟು ನಿಂತರು. ಇಂಧನದವರು ತಮ್ಮ ಜಾಗಕ್ಕೆ, ಕಂಪ್ಯೂಟರ್ ನೋಡುವವಳು ತನ್ನ ಕುರ್ಚಿಗೆ ತಾವಾಗಿಯೇ ಹೋದರು. ಅಷ್ಟರಲ್ಲಿ ಮುಖ್ಯಸ್ಥರು ಬಂದರು, ಅವರ ಹಿಂದೆ ಕರೆಂಟು ತೆಗೆಯಲು ಬಂದ ಎಲೆಕ್ಟ್ರಿಷಿಯನ್. ಅತ್ತೆಗಿಂತ ದೊಡ್ಡವರಾದರೂ ಮುಖ್ಯಸ್ಥರು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

"ಅಕ್ಕಾ, ಇದನ್ನ ಮಾಡು ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸರ್. ನೀವು ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಿ."

ಅವರು ಎಂಜಿನ್ನನ್ನೇ ನೋಡುತ್ತ ನಿಂತರು. ಆದೇಶ ಅವರ ಜೇಬಿನಲ್ಲೇ ಇತ್ತು. ಇನ್ನೆಷ್ಟು ಹೊತ್ತು ಬೇಕು ಎಂದು ಕೊನೆಗೆ ಕೇಳಿದರು. ಅವಸರವಿದ್ದರೆ ಆಗುವುದಿಲ್ಲ ಎಂದಳು ಅತ್ತೆ. ಮುಖ್ಯಸ್ಥರು ಕೋಟು ಬಿಚ್ಚಿ ಮೊಳೆಗೆ ತಗುಲಿಸಿ, ಎಲೆಕ್ಟ್ರಿಷಿಯನ್ ಕಡೆ ತಿರುಗಿದರು. ಅವನು ಈ ವಿಭಾಗದವನಲ್ಲ, ಅವನಿಗೆ ಇದರ ಗೊಡವೆಯೂ ಇರಲಿಲ್ಲ. ಸ್ವಿಚ್ಚಿನ ಡಬ್ಬಿ ಅವನ ಮೂಗಿನ ಮುಂದೆಯೇ ಗೋಡೆಯ ಮೇಲಿತ್ತು. ಅವನು ಅದನ್ನು ನೋಡಿದ, ಸ್ಟೂಲಿನ ಮೇಲೆ ಕೂತ ಅತ್ತೆಯನ್ನು ನೋಡಿದ.

"ಸ್ವಿಚ್ಚಿನ ಡಬ್ಬಿ ಎಲ್ಲೋ ಕಾಣಿಸ್ತಿಲ್ಲ ಸರ್. ಹುಡುಕ್ತಾ ಇರ್ತೀನಿ" ಎಂದು ಮಗುಚಿ ಹಾಕಿದ ಪೆಟ್ಟಿಗೆಯ ಮೇಲೆ ಕೂತುಬಿಟ್ಟ.

ಮಧ್ಯಾಹ್ನ ಬಂತು, ಹೋಯಿತು. ಅತ್ತೆ ಎದ್ದು ಎಂಜಿನ್ನಿನ ಮೇಲೆ ಅಂಗೈ ಇಟ್ಟಳು. ಕಣ್ಣು ಮುಚ್ಚಿದಳು. ಹೊರಗೆ ಬಂದು, ತನ್ನ ಕಿವಿಗೆ ಹಾಕುವ ಮುಚ್ಚಳವನ್ನು ನನ್ನ ತಲೆಗೆ ಸಿಕ್ಕಿಸಿ, ಕೈ ಎತ್ತಿದಳು. ಮುಖ್ಯಸ್ಥರು ಗುಂಡಿ ಒತ್ತಿದರು.

ಅದು ನನಗೆ ಕೇಳಿಸುವ ಮೊದಲೇ ನೆಲದಿಂದ ಅಂಗಾಲಿಗೆ ಹತ್ತಿತು. ಹಲ್ಲು ನಡುಗಿದವು. ಮೇಜಿನ ಮೇಲಿದ್ದ ಖಾಲಿ ಲೋಟ ತಾನಾಗಿಯೇ ನಡೆದು ಅಂಚಿಗೆ ಹೋಯಿತು. ಮುಖ್ಯಸ್ಥರು ವೇಗ ಏರಿಸುತ್ತ ಹೋದಂತೆ ಕೂಗು ಮೇಲೇರಿತು, ಇನ್ನು ಏರಲಾರದು ಎಂದುಕೊಂಡಾಗ ಇನ್ನೂ ಏರಿತು. ಹೊಗೆ ಕೊಳವೆಗಳು ಕಂದಾಗಿ, ಕೆಂಪಾಗಿ, ಕೊನೆಗೆ ಒಲೆಯೊಳಗಿನ ಕೆಂಡದ ಬಣ್ಣಕ್ಕೆ ಬಂದವು. ನನ್ನ ತಮಾಷೆಗಳೆಲ್ಲ ಎಲ್ಲಿ ಹೋದವೋ. ಇಷ್ಟೊಂದು ಬಲವನ್ನು ಇಷ್ಟು ಚಿಕ್ಕ ಲೋಹದ ಗಂಟಿನೊಳಗೆ ಮನುಷ್ಯರು ಕೈಯಾರೆ ಕೂಡಿಟ್ಟಿದ್ದಾರೆ, ಅವರಲ್ಲಿ ನಮ್ಮತ್ತೆಯೂ ಒಬ್ಬಳು ಎಂದು ನೆನೆದು ಕಣ್ಣು ತುಂಬಿ ಬಂತು. ಎಲೆಕ್ಟ್ರಿಷಿಯನ್ ಯಾವಾಗಲೋ ಎದ್ದು ನಿಂತಿದ್ದ.

ಎಂಜಿನ್ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರೇ ಬಂದು ಗಾಜನ್ನು ಮುಟ್ಟಿ, ತಮ್ಮ ಡಬ್ಬಗಳನ್ನು ಎತ್ತಿಕೊಂಡು ಹೊರಟರು.

ಹೊರಡೋಣವೇ ಎಂದು ನಾನು ಕೇಳಿದೆ. ಅತ್ತೆ ಆಗಲೇ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಿದ್ದಳು. ನೀರು ಇನ್ನೂ ಹರಿಯುತ್ತಿತ್ತು. ಅದರ ಬಿಸಿಯನ್ನು ಒಂದಿಷ್ಟು ಇಳಿಸುವಳು, ಕಾಯುವಳು, ಇನ್ನೊಂದಿಷ್ಟು ಇಳಿಸುವಳು. ಕಾದ ಎಂಜಿನ್ನನ್ನು ಒಮ್ಮೆಗೇ ಆರಲು ಬಿಟ್ಟರೆ ಒಳಗೆ ಲೋಹ ಸೊಟ್ಟಗಾಗುತ್ತದೆ.

"ಇದು ಗಾಜಿನ ಪೆಟ್ಟಿಗೆಗೆ ಹೋಗುತ್ತೆ ಅತ್ತೆ. ಸೊಟ್ಟಗಾದ್ರೂ ಇನ್ನು ಯಾರಿಗೆ ಗೊತ್ತಾಗುತ್ತೆ?"

"ಇಷ್ಟು ಬಿಸಿ ಮಾಡಿದ ಮೇಲೆ ಹಾಗೇ ಬಿಟ್ಟು ಎದ್ದು ಹೋಗೋದು ನನಗೆ ಬರಲ್ಲ" ಎಂದಳು.

ಅವಳು ಯಾರನ್ನೂ ಚುಚ್ಚಿ ಆಡಿದ ಮಾತಲ್ಲ ಅದು. ಆದರೂ ಬಾಗಿಲಲ್ಲಿದ್ದ ಮುಖ್ಯಸ್ಥರು ತಲೆ ತಗ್ಗಿಸಿದರು. ಆಮೇಲೆ ಅವರೂ ಒಳಗೆ ಬಂದು ಗೋಡೆಗೊರಗಿ ನೆಲದ ಮೇಲೆ ಕೂತರು.

ಬಹಳ ಹೊತ್ತಿನ ಮೇಲೆ ಅತ್ತೆ ನನ್ನ ಕೈ ಹಿಡಿದು ಎಂಜಿನ್ನಿನ ಮೇಲೆ ಇಟ್ಟಳು. ಜ್ವರ ಬಿಟ್ಟ ಹಣೆಯಷ್ಟು ಬೆಚ್ಚಗಿತ್ತು. ನನ್ನ ಕೈಯ ಮೇಲೆ ಅವಳ ಕೈ. ಆ ಬಿಸಿಯೂ ಹೋಗುವವರೆಗೆ ಇಬ್ಬರೂ ಕೈ ತೆಗೆಯಲಿಲ್ಲ. ಕೊನೆಗೆ ಅತ್ತೆ ಕೊಳವೆಗಳನ್ನು ಬಿಚ್ಚಿ ಸುತ್ತಿಟ್ಟು, ಬಟ್ಟೆಯಿಂದ ಎಂಜಿನ್ ಒರೆಸಿ, "ಆಯ್ತು" ಎಂದಳು.

ಎಲೆಕ್ಟ್ರಿಷಿಯನ್‌ಗೆ ಆಗ ಸ್ವಿಚ್ಚಿನ ಡಬ್ಬಿ ಸಿಕ್ಕಿತು.