ಚಾವಡಿಯಲ್ಲಿ ಬಿಡಿಸಿದ ಬೈಗುಳ

ಪೂರಿಗಾಲಿಯ ಅಂಕಯ್ಯನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಇಂಗ್ಲಿಷಿನ ಸಿಟ್ಟು ಮಾತ್ರ. ನಲವತ್ತೊಂದನೇ ಇಸವಿ ಇರಬೇಕು. ಶಿವನಸಮುದ್ರದ ಕಡೆಯಿಂದ ಕರೆಂಟಿನ ತಂತಿ ಎಳೆಯುತ್ತಿದ್ದ ಒಬ್ಬ ಇಂಗ್ಲಿಷ್ ಗುತ್ತಿಗೆದಾರನ ಬಳಿ ಕಂಬ ಹತ್ತುವ ಕೆಲಸ ಅವನದು. ವಾರಕ್ಕೊಮ್ಮೆ ಬೂಟು ಟಕಟಕ ಅನ್ನಿಸುತ್ತ ಊರಿಗೆ ಬರುತ್ತಿದ್ದ. ಎತ್ತು ದಾರಿಗೆ ಅಡ್ಡ ನಿಂತರೆ ‘ಡ್ಯಾಮಿಟ್!’ ಸಾರಿಗೆ ಉಪ್ಪು ಕಮ್ಮಿಯಾದರೆ ‘ನಾನ್‌ಸೆನ್ಸ್!’ ಅಬ್ಬಬ್ಬಾ, ಅದೇನು ಗತ್ತು!

“ನಮ್ ದೊರೆಗೆ ನನ್ ಕಂಡ್ರೆ ಪ್ರಾಣ. ಅವ್ರ ಬಾಯಲ್ಲಿ ಕೇಳಿ ಕೇಳಿ ನಂಗೂ ಬಂದ್ಬುಡ್ತು” ಎಂದು ಜಗಲಿಯ ಮೇಲೆ ಕೂತು ಬುರುಡೆ ಬಿಡುತ್ತಿದ್ದ. ಅದನ್ನು ಪೂರಾ ನಂಬಿದವನು ಅವನ ಅಣ್ಣ ದೊಡ್ಡಬೀರಯ್ಯ. ಅಪ್ಪ ಅವ್ವ ಪ್ಲೇಗಿನಲ್ಲಿ ಹೋದ ಮೇಲೆ ತಮ್ಮನನ್ನು ಹೆಗಲ ಮೇಲೆ ಹೊತ್ತು ಸಾಕಿದವನು. “ನಮ್ ಅಂಕ ದೊರೆಗಳ ತಾವ ಅವ್ನೆ” ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ, ಪಾಪ.

ಒಂದು ಭಾನುವಾರ ಅಂಕಯ್ಯ ಚೀಲ ತೆಗೆದು ನೋಡುತ್ತಾನೆ, ಕರೆಂಟು ತಗುಲದಿರಲೆಂದು ಕೊಟ್ಟಿದ್ದ ರಬ್ಬರು ಗ್ಲೌಸಿನ ಜೋಡಿಯಲ್ಲಿ ಒಂದೇ ಒಂದು ಉಳಿದಿದೆ! ಹಿತ್ತಲಿಗೆ ಓಡಿದ. ಅಲ್ಲಿ ಅಣ್ಣ ಇನ್ನೊಂದು ಗ್ಲೌಸಿನ ಬೆರಳು ಕತ್ತರಿಸಿ, ತುದಿಗೆ ತೂತು ಮಾಡಿ, ತಾಯಿ ಸತ್ತ ಕುರಿಮರಿಗೆ ಅದರಲ್ಲಿ ಹಾಲು ಕುಡಿಸುತ್ತ ಕೂತಿದ್ದ. “ನೋಡ್ಲಾ, ಎಂಗೆ ಚೀಪ್ತದೆ!” ಎಂದು ನಕ್ಕ.

ಅಂಕಯ್ಯನ ಪಿತ್ತ ನೆತ್ತಿಗೇರಿತು. “ಗೆಟೌಟ್! ಯೂ ಬ್ಲಡಿ ಫೂಲ್!” ಎಂದು ಅಕ್ಕಪಕ್ಕದ ಮನೆಯವರೆಲ್ಲ ಹೊರಬರುವಂತೆ ಕಿರುಚಿದ. ನಿಂತು ನೋಡಿದ ಪಕ್ಕದ ಮನೆಯ ಜವರಯ್ಯ ಹಲ್ಲು ಬಿಟ್ಟ. “ಬೀರಣ್ಣ, ನಿನ್ ತಮ್ಮ ನಿಂಗೆ ಅದೇನೋ ಅಂದ ಕಣಲಾ! ಅರ್ತ ಆಯ್ತಾ?”

ದೊಡ್ಡಬೀರಯ್ಯನಿಗೆ ಅರ್ಥವಾಗಲಿಲ್ಲ. ಅದೇ ಅವನನ್ನು ಕೊರೆಯಿತು. ಬೈದಿದ್ದರೆ ಬೈಸಿಕೊಳ್ಳೋಣ, ಏನು ಬೈದ ಅನ್ನುವುದಾದರೂ ಗೊತ್ತಾಗಬೇಡವೇ? ಸಂಜೆ ಚಾವಡಿಗೆ ದೂರು ಕೊಂಡುಹೋದ.

ಆ ಊರಿನ ಕಟ್ಟಳೆ ಹೀಗಿತ್ತು. ಹಿರಿಯರನ್ನು ಬೈದವನು ಬೈದ ಮಾತನ್ನು ಎಲ್ಲರೆದುರು ಮತ್ತೆ ಆಡಿ, ವೀಳ್ಯವಿಟ್ಟು ತಪ್ಪಾಯಿತು ಅನ್ನಬೇಕು. ದೂರು ಸುಳ್ಳಾದರೆ, ದೂರು ತಂದವನು ಎಷ್ಟೇ ದೊಡ್ಡವನಾದರೂ ಎದುರಾಳಿಯ ಕಾಲಿಗೆ ಬೀಳಬೇಕು.

ಯಜಮಾನ ಕೆಂಪಸಿದ್ದಯ್ಯ ಕೇಳಿದ, “ಅದೇನಂದೆ, ಅನ್ಲಾ.”

ಅಂಕಯ್ಯ ತಲೆ ತಗ್ಗಿಸಿಕೊಂಡೇ ಅಂದ.

“ಅಂಗಂದ್ರೆ ಏನು?”

ಚಾವಡಿ ತುಂಬ ಜನ. ಎಲ್ಲರ ಕಣ್ಣೂ ತನ್ನ ಬೂಟಿನ ಮೇಲಿದ್ದಂತೆ ಅವನಿಗನ್ನಿಸಿತು. “ದೊರೆಗಳು ಗಾಬ್ರಿಯಾದಾಗ ಅಂತಾರೆ. ನಾವು ‘ಅಯ್ಯಯ್ಯೋ ಸಿವ್ನೇ’ ಅನ್ನಲ್ವಾ, ಅಂಗೇಯ” ಎಂದುಬಿಟ್ಟ. ಥೂ, ಎಂಥ ಸುಳ್ಳು!

ದೊಡ್ಡಬೀರಯ್ಯನ ಮುಖ ಅರಳಿತು. ಹಾಳಾದವನು ಸಂತೋಷಪಟ್ಟ! “ಅಷ್ಟೇಯಾ? ನಾನ್ ಏನೇನೋ ಅಂದ್ಕೊಂಡ್ಬುಟ್ಟಿದ್ದೆ. ತಪ್ಪು ನಂದೇಯ” ಎಂದು ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಕಟ್ಟಿ, ತಮ್ಮನ ಮುಂದೆ ಮಂಡಿಯೂರಿದ. ನರೆತ ತಲೆ ಬೂಟಿನ ಹತ್ತಿರಕ್ಕೆ ಬಾಗಿತು. ಆ ತಲೆಯ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಾನು ಹೆಗಲ ಮೇಲೆ ಕೂರುತ್ತಿದ್ದದ್ದು ಅಂಕಯ್ಯನಿಗೆ ನೆನಪಾಯಿತು.

“ಬ್ಯಾಡ ಕಣಣ್ಣ!” ಎಂದು ಕೂಗಿ ಹಿಂದಕ್ಕೆ ಹಾರಿದ. “ಸುಳ್ಳು. ನಾನ್ ಏಳಿದ್ದು ಸುಳ್ಳು.”

“ಮತ್ತೇನ್ಲಾ ಅಂದೆ?” ಯಜಮಾನ ಗದರಿದ.

ಹಿತ್ತಲಲ್ಲಿ ಉಸಿರು ಬಿಟ್ಟಷ್ಟು ಸಲೀಸಾಗಿ ಆಡಿದ್ದ ಮಾತು ಈಗ ಕನ್ನಡದಲ್ಲಿ ಹೊರಡಲೇ ಇಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕೊನೆಗೆ ಕಣ್ಣು ಮುಚ್ಚಿಕೊಂಡು ಅಂದ: “ತೊಲಗಾಚೆ... ದರಿದ್ರ ಮುಟ್ಠಾಳ ಮುಂಡೇದೇ ಅಂತ.”

ಜವರಯ್ಯನೂ ನಗಲಿಲ್ಲ. ದೊಡ್ಡಬೀರಯ್ಯ ಮಂಡಿಯೂರಿದವನು ಹಾಗೇ ಇದ್ದ. ಅಲ್ಲಿಂದಲೇ ಮೆಲ್ಲಗೆ ಕೇಳಿದ, “ಇದ ಎಲ್ಲಿ ಕಲ್ತೆ ಮಗ?”

“ದೊರೆ ಬಾಯಲ್ಲಿ.”

“ಅವ್ರು ಯಾರ್ಗಂತಿದ್ರು?”

ಅಂಕಯ್ಯ ಮುಖ ಬೇರೆ ಕಡೆ ತಿರುಗಿಸಿದ.

“ನಿಂಗೇಯಾ? ದಿನಾನೂವಾ?”

ಅಂಕಯ್ಯ ಮುಖ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದ. ಅಣ್ಣನನ್ನು ಬೈದದ್ದಕ್ಕೆ ಆದ ನಾಚಿಕೆ ಒಂದು ಪಾಲಾದರೆ, ಇದು ಹತ್ತು ಪಾಲು. ಇಷ್ಟು ವರ್ಷ ಜಗಲಿಯ ಮೇಲೆ ಮೆರೆಸಿದ್ದೆಲ್ಲ ತಾನು ತಿಂದ ಬೈಗುಳವೆಂದು ಊರಿಗೆ ಊರೇ ತಿಳಿದುಹೋಯಿತು. ಅಣ್ಣನ ಮುಂದೆ ವೀಳ್ಯವಿಟ್ಟು ತಪ್ಪಾಯಿತು ಅಂದ. ಅದು ಯಾರಿಗೂ ಸರಿಯಾಗಿ ಕೇಳಿಸಲೂ ಇಲ್ಲ.

ಬೆಳಗ್ಗೆ ಅಂಕಯ್ಯ ಯಾರಿಗೂ ಮುಖ ತೋರಿಸದೆ ಕೆಲಸಕ್ಕೆ ಹೊರಟ. ನೋಡಿದರೆ ಬಾಗಿಲಲ್ಲಿ ದೊಡ್ಡಬೀರಯ್ಯ ರುಮಾಲು ಸುತ್ತಿಕೊಂಡು ನಿಂತಿದ್ದಾನೆ. ಕೈಯಲ್ಲಿ ತೊಳೆದ ಗ್ಲೌಸು. ಕತ್ತರಿಸಿದ ಬೆರಳನ್ನು ಕಪ್ಪು ದಾರದಲ್ಲಿ ಒಡ್ಡೊಡ್ಡಾಗಿ ಹೊಲಿದಿದ್ದ. ಕರೆಂಟಿಗೆ ಅದು ಮೂರು ಕಾಸಿನ ಕೆಲಸಕ್ಕೂ ಬಾರದೆಂದು ಹೇಳಲು ಅಂಕಯ್ಯನಿಗೆ ಬಾಯಿ ಬರಲಿಲ್ಲ.

“ನೀನ್ ಎಲ್ಲಿಗಣ್ಣ?”

“ನಿನ್ ದೊರೆ ತಾವ. ಕುಯ್ದೋನು ನಾನಲ್ವಾ? ಆ ಮಾತ ಅನ್ನೋದಾದ್ರೆ ನಂಗೇ ಅನ್ಲಿ, ನಡಿ” ಎಂದು ದೊಡ್ಡಬೀರಯ್ಯ ಮುಂದೆ ಹೊರಟ.