ಸತ್ಯವತಿ ಬಿಟ್ಟ ಒಂದು ಹನಿ

ಗೋವಿಂದರಾಜನಗರದ ಸತ್ಯವತಿಯನ್ನು "ಮನೆ ಗುಡಿಸೋಳು" ಅಂದು ನೋಡಿ, ಮುಖಕ್ಕೆ ಹೊಡೆದ ಹಾಗೆ ಉತ್ತರ ಬರುತ್ತದೆ. ಹೊಸ ಮನೆ ಕಟ್ಟಿ ಮುಗಿದ ಮೇಲೆ ಟೈಲ್ಸಿಗೆ ಮೆತ್ತಿಕೊಂಡ ಸಿಮೆಂಟನ್ನು ಆಸಿಡ್ ಹಾಕಿ ತೊಳೆಯುವುದು ಅವಳ ಕಸುಬು. ಹನ್ನೊಂದು ವರ್ಷದಲ್ಲಿ ಅವಳ ಕೈಯಲ್ಲಿ ಕೆಟ್ಟದ್ದು ಒಂದೇ ಮನೆ, ಅದೂ ಮೊದಲನೆಯದು. ಆಸಿಡ್ ಸಿಡಿದು ಹೊಸ ನಲ್ಲಿಗಳೆಲ್ಲ ಕಪ್ಪಿಟ್ಟವು. ಓನರಮ್ಮ ಬೀದಿಗೆಲ್ಲ ಕೇಳುವಂತೆ ಉಗಿದರು. ಅಂದಿನಿಂದ ನಲ್ಲಿಗಳಿಗೆ ಪ್ಲಾಸ್ಟಿಕ್ ಸುತ್ತದೆ ಅವಳು ಆಸಿಡ್ ಮುಟ್ಟಿದ್ದೇ ಇಲ್ಲ.

ಕಳೆದ ಶ್ರಾವಣದಲ್ಲಿ ಬಸವೇಶ್ವರನಗರದ ಸಿದ್ದಬಸಪ್ಪನವರ ಹೊಸ ಮನೆ ತೊಳೆಯಲು ಹೋಗಿದ್ದಳು. ಮರುದಿನವೇ ಗೃಹಪ್ರವೇಶ. ಸಿದ್ದಬಸಪ್ಪನವರು ಮೂವತ್ತು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವರು. ದೇವರ ಮನೆಯ ಬಿಳಿ ನೆಲದ ಮೇಲಿನ ಸಿಮೆಂಟ್ ಕಲೆ ತೋರಿಸಿ, "ಇದಕ್ಕೂ ಹಾಕಮ್ಮ" ಅಂದರು.

"ಹಾಕಲ್ಲ ಸಾರ್. ಇದು ಮಾರ್ಬಲ್ಲು."

"ಅಂಗಡಿಯವನು ಗ್ರಾನೈಟ್ ಅಂತಲೇ ಕೊಟ್ಟಿದಾನೆ. ಆಸಿಡ್ ವಿಷಯ ನನಗೇ ಹೇಳ್ಕೊಡ್ತೀಯಾ? ಆಗಲ್ಲ ಅಂದ್ರೆ ಬೇರೆಯವರನ್ನ ಕರೆಸ್ತೀನಿ."

ಸತ್ಯವತಿಗೆ ಮೈಯೆಲ್ಲ ಉರಿಯಿತು. ಬೇರೆಯವರು ಬಂದು ಸುರಿದರೆ ನೆಲ ಹಾಳು, ಹೋಗುವುದು ಮಾತ್ರ ಅವಳ ಹೆಸರು! ಸರಸರನೆ ಹಿತ್ತಲಿಗೆ ಹೋಗಿ, ನೆಲಕ್ಕೆ ಹಾಕಿ ಉಳಿದಿದ್ದ ಬಿಳಿ ಕಲ್ಲಿನ ತುಂಡನ್ನೂ ಅಡುಗೆಕಟ್ಟೆಯ ಗ್ರಾನೈಟ್ ತುಂಡನ್ನೂ ತಂದು ಅವರ ಮುಂದಿಟ್ಟಳು. ಎರಡಕ್ಕೂ ಒಂದೊಂದು ಹನಿ ಆಸಿಡ್ ಬಿಟ್ಟಳು. ಗ್ರಾನೈಟ್ ಮೇಲೆ ಹನಿ ತೆಪ್ಪಗೆ ಕೂತಿತು. ಬಿಳಿ ಕಲ್ಲಿನ ಮೇಲೆ ಬುಸ್ಸೆಂದು ನೊರೆ ಎದ್ದಿತು.

"ನೋಡಿ ಸಾರ್. ಇದು ಸುಣ್ಣದ ಜಾತಿ ಕಲ್ಲು, ಆಸಿಡ್ ಇದನ್ನ ತಿಂದ್ಹಾಕತ್ತೆ. ನಾಳೆ ನೀವು ಪೂಜೆಗೆ ಕೂರೋ ಜಾಗ ಗುಳಿ ಬಿದ್ದಿರತ್ತೆ."

ಸಿದ್ದಬಸಪ್ಪನವರು ಬಗ್ಗಿ ಗುಳ್ಳೆಗಳನ್ನೇ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡು ನಕ್ಕುಬಿಟ್ಟರು. "ಕಾರ್ಬನ್ ಡೈ ಆಕ್ಸೈಡ್! ಕಾರ್ಬೊನೇಟಿಗೆ ಆಸಿಡ್ ಬಿದ್ರೆ ಇದೇ ಬರತ್ತೆ ಅಂತ ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದೆ. ಅಂಗಡಿಯವನ ಮಾತು ನಂಬಿಬಿಟ್ಟೆನಲ್ಲಮ್ಮಾ!"

"ಕಬ್ಬಿಣದ ಮೊಳೆಗೆ ಬಿದ್ರೂ ಗುಳ್ಳೆ ಬರತ್ತಲ್ಲ ಸಾರ್, ಅದೂ ಇದೇನಾ?"

"ಅಲ್ಲ, ಅದು ಹೈಡ್ರೋಜನ್. ಬೆಂಕಿ ಸೋಕಿದ್ರೆ ಹೊತ್ಕೊಳ್ಳತ್ತೆ, ಹುಷಾರು."

ಆ ಕಲೆಯನ್ನು ಸತ್ಯವತಿ ಬ್ಲೇಡಿನಿಂದ ನಯವಾಗಿ ಕೆರೆದು, ಸೋಪಿನ ನೀರಲ್ಲಿ ಒರೆಸಿ ತೆಗೆದಳು. ಎರಡು ಗಂಟೆ ಹಿಡಿಯಿತು, ಮಂಡಿ ನೋವು ಬೇರೆ.

ಮರುದಿನ ಊಟಕ್ಕೆ ಕರೆದಿದ್ದರು. ರೇಷ್ಮೆ ಸೀರೆ ಉಟ್ಟು ಹೋದ ಸತ್ಯವತಿಯನ್ನು ಸಿದ್ದಬಸಪ್ಪನವರು ತಮ್ಮ ಹಳೇ ಕಾಲೇಜಿನವರ ಮುಂದೆ ನಿಲ್ಲಿಸಿದರು. "ಇವರು ಸತ್ಯವತಿ. ನಿನ್ನೆ ನನಗೆ ಪ್ರಾಕ್ಟಿಕಲ್ ಪರೀಕ್ಷೆ ಮಾಡಿದ್ರು. ನಾನು ಫೇಲು."

ಲೆಕ್ಚರರುಗಳೆಲ್ಲ ಅವಳ ಕಡೆ ತಿರುಗಿದರು. ಹೆಮ್ಮೆಯಿಂದ ಅವಳ ಎದೆ ಉಬ್ಬಿತು; ತಲೆ ತಗ್ಗಿಸಲಿಲ್ಲ.

"ಪರವಾಗಿಲ್ಲ ಬಿಡಿ ಸಾರ್," ಅಂದಳು, "ನಾನೂ ಮೊದಲನೇ ಸಲ ಫೇಲಾದೋಳೇ."