ಗಂಟಿಗೆ ಒಂದು ಬೆರಳು

ಮೈದಾ ಅಂಟಿನ ವಾಸನೆಗೆ ಯಾರಾದರೂ ಕಣ್ಣೀರು ಹಾಕುತ್ತಾರೆಯೇ? ಮೊನ್ನೆ ನಾನು ಹಾಕಿದೆ. ಕದ್ರಿಯ ನಮ್ಮ ಫ್ಲ್ಯಾಟಿನ ಮಕ್ಕಳು ಶಾಲೆ ಬಿಟ್ಟ ಮೇಲೆ ಗೂಡುದೀಪ ಮಾಡಿಸಿ ಎಂದು ದುಂಬಾಲು ಬಿದ್ದಿದ್ದರು. ಅಂಟು ಕಾಯಿಸುತ್ತಾ, ಜಿರಳೆ ಕಾಗದ ತಿನ್ನದಿರಲೆಂದು ಚಿಟಿಕೆ ಮೈಲುತುತ್ತು ಹಾಕಿದೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಕುಲಶೇಖರದ ಟೀಚರ ಜಗಲಿಗೆ ಹೋಗಿ ಕೂತಿತು...

ಕುಲಶೇಖರದಲ್ಲಿ ಟೀಚರ್ ನಮ್ಮ ಪಕ್ಕದ ಮನೆಯವರು. ಶಾಲೆಯಿಂದ ನಿವೃತ್ತರಾಗಿದ್ದರೂ ಸಂಜೆಗಳಿಗೆ ನಿವೃತ್ತಿ ಕೊಟ್ಟವರಲ್ಲ. ದೊಡ್ಡವರು ಕೆಲಸದಿಂದ ಬರುವವರೆಗೆ ಎರಡನೆಯ ಕ್ಲಾಸಿನಿಂದ ಹತ್ತನೆಯವರೆಗಿನ ಹತ್ತು ಹನ್ನೆರಡು ಮಕ್ಕಳು ಅವರ ಜಗಲಿಯಲ್ಲಿ. ಕ್ರಿಸ್‌ಮಸ್ಸಿಗೆ ನಕ್ಷತ್ರ, ದೀಪಾವಳಿಗೆ ಗೂಡುದೀಪ. ಟೀಚರದು ಒಂದೇ ಕಾನೂನು. ಬಿದಿರಿನ ಕಡ್ಡಿಗಳನ್ನು ನೂಲಿನಿಂದ ಬಿಗಿಯುವಾಗ ಗಂಟು ಜಾರದಂತೆ ಇನ್ನೊಬ್ಬರು ಬೆರಳು ಒತ್ತಿ ಹಿಡಿಯಬೇಕಲ್ಲ, ಆ ಬೆರಳು ನಮ್ಮ ಕ್ಲಾಸಿನವರದ್ದಾಗಿರಬಾರದು! ಮೀಸೆ ಚಿಗುರಿದ ಹತ್ತನೆಯವನೂ ಎರಡನೆಯವಳ ಮುಂದೆ ಬಗ್ಗಿ, "ಒಂದು ಬೆರಳು ಕೊಡು ಮಾರಾಯ್ತಿ" ಎನ್ನಬೇಕಿತ್ತು.

ಅಪ್ಪನ ಗಲ್ಫ್ ಕೆಲಸ ಹೋಗಿ ನಾವು ಊರಿಗೆ ಬಂದಾಗ ನನಗೆ ಎಂಟನೆಯ ಕ್ಲಾಸು. ಮಕ್ಕಳು ನನ್ನನ್ನು 'ದುಬಾಯಿ' ಎನ್ನುತ್ತಿದ್ದರು. ಗೆಳತಿ ಬೇಕೆಂಬ ಆಸೆ ಬೆಟ್ಟದಷ್ಟು, ಕೇಳಲು ಜಂಬ ಬಿಡದು. ಯಾರ ಬೆರಳೂ ಬೇಡವೆಂದು ಹಲ್ಲಿನಲ್ಲಿ ನೂಲು ಕಚ್ಚಿ, ಮನೆಯಲ್ಲಿ ಒಬ್ಬಳೇ ಇಡೀ ಗೂಡುದೀಪ ಕಟ್ಟಿದೆ. ಎಲ್ಲ ಮುಖಗಳಿಗೂ ಬಣ್ಣದ ಕಾಗದ ಅಂಟಿಸಿ ಜಗಲಿಗೆ ಹೊತ್ತು ತಂದೆ. ಇದನ್ನು ನೋಡಿದರೆ ಎಲ್ಲರೂ ನನ್ನ ಸುತ್ತ ಸೇರುತ್ತಾರೆ ಎಂಬ ಲೆಕ್ಕಾಚಾರ ನನ್ನದು.

ಸೇರಿದರು, ಸುಳ್ಳಲ್ಲ. ಬಲ್ಬು ಹಿಡಿದ ಹುಡುಗ ಒಂದು ಸುತ್ತು ಬಂದು, "ಇದಕ್ಕೆ ಬಾಗಿಲು ಎಲ್ಲಿ ಉಂಟು?" ಎಂದ. ಬಲ್ಬು ಹೋಗಲು ಒಂದು ಮುಖವನ್ನೂ ನಾನು ತೆರೆದಿಟ್ಟಿರಲಿಲ್ಲ! ಜಗಲಿಗೆ ಜಗಲಿಯೇ ಬಿದ್ದು ಬಿದ್ದು ನಕ್ಕಿತು. ಹರಿದು ಬಿಸಾಡಿ ಇನ್ನೆಂದೂ ಆ ಮೆಟ್ಟಿಲು ಹತ್ತಬಾರದೆಂದು ಕೈ ಎತ್ತಿದೆ.

ಟೀಚರ್ ಕೈ ಹಿಡಿದರು. "ಎಂತ ಅವಸರ? ಚಂದ ಉಂಟಲ್ಲ. ದೊಡ್ಡ ಕೈ ಹೋಗುವುದಿಲ್ಲ, ಅಷ್ಟೆ."

ಬ್ಲೇಡಿನಿಂದ ತಳದ ಕಾಗದವನ್ನು ಸ್ವಲ್ಪವೇ ಸೀಳಿ, "ಇನ್ನು ನೀನೇ ಕೇಳು" ಎಂದರು. ಬೇರೆಯವರಾಗಿದ್ದರೆ ನನ್ನ ಪರವಾಗಿ ತಾವೇ ಕೇಳಿಬಿಡುತ್ತಿದ್ದರು. ಟೀಚರ್ ಕಾದರು... ಕೊನೆಗೆ ಎರಡನೆಯ ಕ್ಲಾಸಿನವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಬೆರಳು ಕೊಡ್ತೀಯಾ?" ಎಂದೆ. ಅವಳು ಇಡೀ ಕೈಯನ್ನೇ ಒಳಗೆ ತೂರಿಸಿ ಬಲ್ಬನ್ನು ಎತ್ತಿ ಹಿಡಿದಳು. ಮೇಲಿನ ಕಾಗದ ಚುಚ್ಚಿ ಅದರ ವಯರನ್ನು ಹೊರಗೆಳೆದು ನಾನು ಕಡ್ಡಿಗೆ ಬಿಗಿದೆ. ದೀಪ ಹತ್ತಿತು. ಮರುದಿನದಿಂದ ನಾನು 'ದುಬಾಯಿ ಅಕ್ಕ'. ಆ ಪುಟ್ಟ ಕೈಯವಳು ಇವತ್ತಿಗೂ ನನ್ನ ಜೀವದ ಗೆಳತಿ.

ಟೀಚರ್ ಸ್ನೇಹದ ಬಗ್ಗೆ ಒಂದು ದಿನವೂ ಭಾಷಣ ಬಿಗಿದವರಲ್ಲ. ಅಂಥವರನ್ನು ನಾನು ಮತ್ತೆ ಕಾಣಲಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಫೋನ್ ಮಾಡಿದ್ದರು. "ಕೈ ನಡುಗ್ತದೆ ಮಗಾ. ಒಂದು ಬೆರಳು ಬೇಕಿತ್ತು."

"ಆದಿತ್ಯವಾರ ಬರ್ತೇನೆ ಟೀಚರ್" ಎಂದೆ. ಆ ಆದಿತ್ಯವಾರ ನಂತೂರಿನ ಟ್ರಾಫಿಕ್ಕಿನ ನೆಪ ಹೇಳಿ ಮುಂದಿನ ವಾರಕ್ಕೆ ತಳ್ಳಿದೆ. ಅದು ಬರುವ ಮೊದಲೇ ಟೀಚರ್ ಹೋಗಿಬಿಟ್ಟರು. ಕದ್ರಿಯಿಂದ ಕುಲಶೇಖರ ಎಷ್ಟು ಮಹಾ ದೂರ! ಬರೆಯಲೂ ನಾಚಿಕೆಯಾಗುತ್ತದೆ.

ಮೊನ್ನೆ ಫ್ಲ್ಯಾಟಿನ ಮಕ್ಕಳಿಗೆ ಬೆರಳಿನ ಕಾನೂನು ಹೇಳಿಯೇ ಅಂಟು ಕಾಯಿಸಲು ಒಳಗೆ ಬಂದಿದ್ದೆ. ಹಾಲ್‌ನಲ್ಲಿ ಕಡ್ಡಿ ಕಟ್ಟುತ್ತಿದ್ದ ಮೂರನೆಯ ಕ್ಲಾಸಿನ ಹುಡುಗಿ ಕೂಗಿದಳು:

"ಆಂಟಿ, ನೀವು ಯಾವ ಕ್ಲಾಸೂ ಅಲ್ಲ ಅಲ್ವಾ? ಒಂದು ಬೆರಳು ಕೊಡಿ."

ಅಂಟು ಇನ್ನೇನು ಹದಕ್ಕೆ ಬರುವುದರಲ್ಲಿತ್ತು. "ಒಂದು ನಿಮಿಷ ಇರು" ಎನ್ನಲು ಬಾಯಿ ತೆರೆದವಳು, ಒಲೆ ಆರಿಸಿ ಓಡಿದೆ.